ಬೋಳಗುಡ್ಡದ ಗ್ಯಾನಪ್ಪ ಕಂಬಿ ಮುಟ್ಟಿದ್ದು

ನಿಜಾಮರ ಕಾಲದಲ್ಲಿ ಸಂತೆಕಲ್ಲೂರಿನಿಂದ ಮಸ್ಕಿಗೆ ಹೋಗಲು ಎರಡು ದಾರಿಗಳಿದ್ದವು: ಒಂದು ಬಂಡಿಯದು, ಇನ್ನೊಂದು ಬಂಡೆಯದು. ಬಂಡಿಯಿದ್ದವರು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಬರೀ ಕಾಲಿದ್ದವರು ಬೋಳಗುಡ್ಡ ಹತ್ತಿ ಇಳಿಯುತ್ತಿದ್ದರು. ಹೆಸರಿಟ್ಟವರು ಸುಳ್ಳು ಹೇಳಿರಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಗಿಡ ಹೋಗಲಿ, ಹುಲ್ಲೂ ಇಲ್ಲ. ಅಲ್ಲಿ ಮನುಷ್ಯನಿಗಿಂತ ಎತ್ತರದ್ದೇನಾದರೂ ಇದ್ದರೆ ಅದು ಆ ಮನುಷ್ಯನೇ ಹೊತ್ತದ್ದು. ಬೇಸಿಗೆಯಲ್ಲಿ ಕಾದ ಕಾವಲಿ. ಆ ಕಾವಲಿಗೊಬ್ಬ ಕಾವಲುಗಾರ, ಗ್ಯಾನಪ್ಪ.

ಗುಡ್ಡದ ಬುಡದ ಹಳ್ಳಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ ಅವನ ಗುಡಿಸಲು. ಅವನ ಮನೆತನಕ್ಕೆ ಹುಟ್ಟಿನಿಂದ ಬಂದ ಕೆಲಸ ಎರಡು. ದಾರಿಹೋಕರನ್ನು ಗುಡ್ಡ ದಾಟಿಸುವುದು ಒಂದು. ಯಾರಾದರೂ ಸತ್ತರೆ ಬಳಗದವರಿಗೆ ಸುದ್ದಿ ಮುಟ್ಟಿಸುವುದು ಇನ್ನೊಂದು. ಸುದ್ದಿ ಮುಟ್ಟಿಸಬಹುದಿತ್ತು, ಬೇರೇನನ್ನೂ ಮುಟ್ಟುವ ಹಾಗಿರಲಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ಕಂಬಳಿ ಹಾಸಿ ದೂರ ನಿಂತರೆ, ಅವನ ಪಾಲಿನ ಜೋಳವನ್ನು ಮೇಲಿಂದ ಸುರಿಯುತ್ತಿದ್ದರು.

ಅವನ ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಊರೊಳಗೆ ಬಂದರೆ ಅದನ್ನು ಕುಟ್ಟುತ್ತ ನಡೆಯಬೇಕು. ಸಪ್ಪಳ ಕೇಳಿದವರು ಪಕ್ಕಕ್ಕೆ ಸರಿದು ತಮ್ಮ ಮಡಿ ಉಳಿಸಿಕೊಳ್ಳಲಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು. ಸಾವಿನ ಸುದ್ದಿ ಒಯ್ಯುವಾಗ ಮಾತ್ರ ಗೆಜ್ಜೆಗೆ ಬಟ್ಟೆ ಸುತ್ತಿರಬೇಕು. ಸದ್ದಿಲ್ಲದ ಕೋಲು ಬಾಗಿಲಿಗೆ ಬಂತೆಂದರೆ ಮನೆಯವರು ಕೇಳುವ ಮೊದಲೇ ಅಳಲು ಶುರುಮಾಡುತ್ತಿದ್ದರು.

ಅದೇ ಕೋಲು ಗುಡ್ಡದ ಮೇಲೆ ಬೇರೆ ಮಾತಾಡುತ್ತಿತ್ತು. ಬೇಸಿಗೆಯ ಅಡ್ಡಮಳೆ ಹೊಡೆದು, ಆಣೆಕಲ್ಲು ಬಿದ್ದು, ಮಾರು ದೂರ ಕಾಣದಾದಾಗ ಜನ ಆ ಸಪ್ಪಳ ಹಿಡಿದೇ ಇಳಿಯುತ್ತಿದ್ದರು. ಬಯಲಲ್ಲಿ "ದೂರ ಸರೀರಿ" ಎನ್ನುತ್ತಿದ್ದ ಗೆಜ್ಜೆ ಗುಡ್ಡದಲ್ಲಿ "ಹತ್ರ ಬರ್ರಿ" ಎನ್ನುತ್ತಿತ್ತು. ಇಳಿದ ಮೇಲೆ ಮತ್ತೆ ಹಳೆಯ ಅರ್ಥ.

"ಗ್ಯಾನ ಇಟ್ಟು ಕಾಲಿಡ್ರಿ." ಗ್ಯಾನಪ್ಪನ ಉಪದೇಶ ಇಷ್ಟೇ. ಬಿಸಿಲಿಗೆ ನಾಲಿಗೆ ಒಣಗಿದವರಿಗೆ ಬಂಡೆಯ ಸಂದಿನಲ್ಲಿ ನೀರು ಜಿನುಗುವ ಜಾಗವನ್ನು ಕೋಲಿನಿಂದ ತೋರಿಸುತ್ತಿದ್ದ. ತೋರಿಸಬಹುದು, ಕುಡಿಸುವಂತಿಲ್ಲ. ಯಾರೂ ನೋಡುವವರಿಲ್ಲದಾಗ, ಕಾಲು ಉಳುಕಿದ ಬಳೆಗಾರನನ್ನು ಬಳೆಯ ಸಮೇತ ಹೊತ್ತು ಇಳಿಸಿದ್ದ. ಮಸ್ಕಿಯ ಸಂತೆಗೆ ಹೊರಟ ಕುರಿಗಾರರ ಬಳಲಿದ ಮರಿಗಳನ್ನೂ ಹೊತ್ತಿದ್ದ. "ಆ ಬೋಳಗುಡ್ಡದ ಮ್ಯಾಲ ನಿನಗ ಹೊತ್ತು ಹೆಂಗ ಹೋಗ್ತದೋ?" ಎಂದು ಕೇಳಿದರೆ, "ಹೊತ್ತು ಹೊತ್ತೇ ಹೊತ್ತು ಹೋಗ್ತದ್ರಿ" ಎನ್ನುತ್ತಿದ್ದ. ಹೆಂಡತಿ ಜೋಗಮ್ಮ ನಗುತ್ತಿರಲಿಲ್ಲ. "ಊರ ಮಂದಿನೆಲ್ಲ ದಾಟಿಸು. ನಿನ್ನ ಯಾರು ದಾಟಿಸ್ತಾರ ನೋಡ್ತೀನಿ," ಎನ್ನುತ್ತಿದ್ದಳು.

ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವವರಲ್ಲಿ ಲಿಂಗಸುಗೂರು ಕಡೆಯ ಒಂದು ಊರಿನವರದು ಬೋಳಗುಡ್ಡದ ದಾರಿ. ಅವರ ಕಂಬಿ ಎಂದರೆ ಎರಡಾಳೆತ್ತರದ ಬಿದಿರು, ತುದಿಗೆ ಹಿತ್ತಾಳೆಯ ಕಳಸ, ಮೈತುಂಬ ಬಣ್ಣದ ಬಟ್ಟೆ, ಗಂಟೆಗಳು. ಊರು ಬಿಟ್ಟ ಮೇಲೆ ಅದು ನೆಲ ಮುಟ್ಟುವಂತಿಲ್ಲ. ತಂಗಿದಲ್ಲಿ ಮರದ ಗದ್ದುಗೆಯ ಮೇಲೆ ನಿಲ್ಲಿಸುತ್ತಾರೆ. ಗುಡ್ಡಕ್ಕೆ ಗದ್ದುಗೆ ಒಯ್ಯಲಾಗದ ಕಾರಣ, ಈ ಬುಡದಿಂದ ಆ ಬುಡದವರೆಗೆ ಒಬ್ಬನೇ ವ್ರತಸ್ಥ ನಿಲ್ಲದೆ ಹೊರಬೇಕು.

ಆ ವರ್ಷ ಹೊತ್ತವನು ಪಂಪಣ್ಣ. ಚಿಕ್ಕಂದಿನಲ್ಲಿ ವಾಂತಿಭೇದಿಯ ಬೇನೆ ಬಂದು ಊರು ಅರ್ಧವಾದಾಗ ಅವನ ತಾಯಿ ಅಮರಮ್ಮ ಹರಕೆ ಹೊತ್ತಿದ್ದಳು: ಮಗ ಉಳಿದರೆ ಅವನ ಹೆಗಲ ಮೇಲೆ ಕಂಬಿ ಬೋಳಗುಡ್ಡ ದಾಟಲಿ. ಮಗ ಉಳಿದ. ಈಗ ಮದುವೆಯ ವಯಸ್ಸಿಗೆ ಬಂದಿದ್ದ. ಅವನಿಗೆ ಹೆಣ್ಣು ನೋಡುವ ಮೊದಲು ದೇವರ ಬಾಕಿ ತೀರಲಿ ಎಂದು ಅವಳೂ ಜೊತೆಗೆ ನಡೆದು ಬಂದಿದ್ದಳು. ಗುಂಪಿನ ಮುಂದಾಳು ಕರಿಬಸಯ್ಯ. ಯಾವುದು ಮಡಿ, ಯಾವುದು ಮೈಲಿಗೆ ಎಂದು ನಿದ್ದೆಯಲ್ಲೂ ಹೇಳಬಲ್ಲವನು.

ಮಧ್ಯಾಹ್ನ ನೆತ್ತಿ ತಲುಪುವ ಹೊತ್ತಿಗೆ ಮುದಗಲ್ ದಿಕ್ಕಿನಿಂದ ಮೋಡ ಎದ್ದಿತು. ಗಾಳಿ ಒಮ್ಮೆಲೇ ತಣ್ಣಗಾಯಿತು. ಮುಂದೆ ನಡೆಯುತ್ತಿದ್ದ ಗ್ಯಾನಪ್ಪ ನಿಂತು, ಮೂಗಿನಿಂದ ಗಾಳಿ ಎಳೆದು, ಹಿಂದಕ್ಕೆ ಬಂದ. ಬರಬೇಕಾದ ದೂರಕ್ಕಿಂತ ಒಂದು ಹೆಜ್ಜೆಯನ್ನೂ ಹೆಚ್ಚಿಗೆ ಬರಲಿಲ್ಲ.

"ಅಯ್ಯಾರ, ಸಿಡ್ಲು ಬರಾಕತ್ತದ್ರಿ. ಕೆಳಗ ಗುಂಡುಕಲ್ಲಿನ ಸಂದ್ಯಾಗ ಗವಿ ಐತಿ. ಓಡಿ ಸೇರಬೇಕ್ರಿ. ಕಂಬಿ ಇಲ್ಲೇ ಮಲಗಿಸ್ರಿ."

"ಲೇ ಗ್ಯಾನ್ಯಾ, ಕಂಬಿ ಮಲಗಸೂದಂದ್ರ ಏನಂದುಕೊಂಡೀ? ನಿಮ್ಮಪ್ಪನ ಹಾಸಿಗಿ ಏನು?"

"ಎತ್ತರಕ್ಕ ಹೊಡೀತದ್ರಿ ಅದು. ಇಲ್ಲಿ ಎತ್ತರ ಅಂದ್ರ ಅದೊಂದ ಐತ್ರಿ."

"ಮಲ್ಲಯ್ಯ ಕಾಯ್ತಾನ. ನೀ ದಾರಿ ತೋರಸು, ಧರ್ಮ ತೋರಸಬ್ಯಾಡ."

ಮೊದಲ ಸಿಡಿಲು ಎದುರಿನ ದಿನ್ನೆಗೆ ಬಿದ್ದಿತು. ಆಣೆಕಲ್ಲು ಸುರಿಯತೊಡಗಿತು. ಜನ ತಲೆಯ ಮೇಲೆ ಗಂಟು ಹೊತ್ತು ಗವಿಯ ಕಡೆ ಓಡಿದರು. ಓಡಲಾರದವನು ಪಂಪಣ್ಣ ಒಬ್ಬನೇ: ಗಾಳಿಗೆ ಕಂಬಿ ತೊನೆಯುತ್ತಿತ್ತು, ಗಂಟೆಗಳು ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿದ್ದವು, ಗವಿಯ ಬಾಯಿ ಕಂಬಿಗಿಂತ ಬಹಳ ಗಿಡ್ಡ. ಬಿದಿರಿನ ಮೈ ಚಿಟಿಚಿಟಿ ಅನ್ನುತ್ತಿತ್ತು. ಅವನ ತಲೆಗೂದಲು ಒದ್ದೆಯಾಗಿಯೂ ಎದ್ದು ನಿಂತಿತ್ತು.

"ಬಿಡೋ ಮಗನ! ಬಿಟ್ಟು ಬಾರೋ!" ಗವಿಯ ಬಾಯಿಂದ ಅಮರಮ್ಮ ಕೂಗಿದಳು.

"ಬಾಯಿ ಮುಚ್ಚಬೇ!" ಕರಿಬಸಯ್ಯ ಗದರಿದ. "ಬಿಟ್ರ ಹರಕಿ ಕೆಡ್ತದ. ಹರಕಿ ಕೆಟ್ರ ಅವ ಉಳೀತಾನೇನು? ಹಿಡ್ಕೊಳ್ಳೋ ಪಂಪಣ್ಣ!"

ಪಂಪಣ್ಣ ಹಿಡಿದುಕೊಂಡ. ತಾಯಿ ಹೊತ್ತ ಹರಕೆಯಿಂದ ಉಳಿದ ಜೀವ, ಹರಕೆಗೆ ಎರಡು ಬಗೆಯುವುದು ಹೇಗೆ? ಅವನ ಕೈ ಸಡಿಲಾಗಲಿಲ್ಲ.

ಗ್ಯಾನಪ್ಪ ಒಂದು ಗಳಿಗೆ ಅವನನ್ನೂ ಗವಿಯನ್ನೂ ನೋಡಿದ. ಬೇಡಿಕೊಂಡರೆ ಕೇಳುವವರಲ್ಲ. ಕಸಿದುಕೊಳ್ಳುವಷ್ಟು ಹೊತ್ತಿಲ್ಲ. ಹುಟ್ಟಿದಾಗಿನಿಂದ ಅವನ ಬಳಿ ಇದ್ದ ಆಸ್ತಿ ಒಂದೇ, ಅದನ್ನು ಇಷ್ಟು ದಿನ ಕೋಲು ಕುಟ್ಟಿ ಎಲ್ಲರಿಂದ ದೂರ ಇಟ್ಟಿದ್ದ. ಈಗ ಅದನ್ನು ಖರ್ಚು ಮಾಡಿದ. ಕೋಲು ಬಿಸಾಕಿ, ನಾಲ್ಕು ಹೆಜ್ಜೆ ಹಾರಿ ಬಂದು, ಎಲ್ಲರಿಗೂ ಕಾಣುವ ಹಾಗೆ ಎರಡೂ ಕೈಯಿಂದ ಕಂಬಿಯನ್ನು ತಬ್ಬಿಕೊಂಡ.

"ಮುಟ್ಟಿದೆ! ನೋಡ್ರಿ, ಮುಟ್ಟಿದೆ!"

"ಮೈಲಿಗಿ ಆತು!" ಕರಿಬಸಯ್ಯನ ಕಿರುಚಾಟ ಗುಡುಗಿಗಿಂತ ಮುಂಚೆ ಬಂತು. "ಬಿಡೋ ಪಂಪಣ್ಣ, ಬಿಡು! ಅದು ಕಂಬಿ ಅಲ್ಲ ಇನ್ನ, ಬರೇ ಕಟಿಗಿ! ಬಿಟ್ಟು ಬಾ!"

ಹಿಡಿದುಕೋ ಎಂದ ಬಾಯೇ ಬಿಡು ಎಂದಿತು. ಪಂಪಣ್ಣ ಬಿಟ್ಟ. ಇಬ್ಬರೂ ಉರುಳುತ್ತ, ಜಾರುತ್ತ ಕೆಳಗೆ ಬಂದರು. ಪಂಪಣ್ಣ ಗವಿಯೊಳಗೆ ಹೋದ. ಗ್ಯಾನಪ್ಪ ಹೊರಗೆ ಬಂಡೆಯ ಮಗ್ಗುಲಲ್ಲಿ ಕಂಬಳಿ ಹೊದ್ದು ಕುಕ್ಕರಿಸಿದ. ಗವಿಯಲ್ಲಿ ಜಾಗವೇನೋ ಇತ್ತು. ಅಷ್ಟರಲ್ಲಿ ನೆತ್ತಿಯೇ ಬಿಳಿಚಿಕೊಂಡು ಸೀಳಿದ ಹಾಗಾಯಿತು. ಕಿವಿ ತಿರುಗಿ ಕೇಳತೊಡಗಿದಾಗ ಮೇಲಿಂದ ಸುಟ್ಟ ವಾಸನೆ ಬರುತ್ತಿತ್ತು.

ಮಳೆ ನಿಂತ ಮೇಲೆ ಹತ್ತಿ ನೋಡಿದರು. ಗಾಳಿಗೆ ಎರಡು ಗುಂಡುಗಳ ನಡುವೆ ಸಿಕ್ಕಿ ನೆಟ್ಟಗೆ ನಿಂತಿದ್ದ ಬಿದಿರು ಉದ್ದಕ್ಕೂ ಸಿಗಿದಿತ್ತು. ಕಳಸ ಕಪ್ಪಾಗಿತ್ತು. ಪಂಪಣ್ಣ ಅದರ ಕೆಳಗೆ ಇರಬೇಕಾಗಿತ್ತು ಎಂದು ಯಾರಿಗಾದರೂ ಹೊಳೆಯಬಹುದಿತ್ತು. ಅಷ್ಟರಲ್ಲಿ ಕರಿಬಸಯ್ಯನಿಗೆ ಬೇರೆ ಹೊಳೆಯಿತು.

"ನೋಡಿದ್ರೇನು? ಅವ ಮುಟ್ಟಿದ್ದ ತಡ, ಮಲ್ಲಯ್ಯ ಸುಟ್ಟುಬಿಟ್ಟ."

ಲೆಕ್ಕ ಎಲ್ಲರಿಗೂ ಸರಿಹೋಯಿತು. ಮುಟ್ಟದೆ ಹೊಡೆಯಬೇಕೆಂದರೆ ಕಲ್ಲೇ ಅನುಕೂಲ, ಬೋಳಗುಡ್ಡದಲ್ಲಿ ಕಲ್ಲಿಗೇನು ಬರ? ಬೇಕೆಂದೇ ಬಿಟ್ಟ ಎಂಬ ಮಾತು ತನ್ನ ಮೇಲೆ ಬರಬಾರದೆಂದು ಪಂಪಣ್ಣನೂ ಒಂದು ಕಲ್ಲು ಎತ್ತಿದ. ಅಮರಮ್ಮ ಮುಖ ತಿರುಗಿಸಿಕೊಂಡಳು. ಗ್ಯಾನಪ್ಪನ ಬಲಗಾಲಿನ ಎಲುಬು ಎರಡಾಯಿತು. ಆ ದಿನ ಜೋಗಮ್ಮ, ಕೇರಿಯ ನಾಲ್ವರನ್ನು ಕರೆದುಕೊಂಡು ಹೋಗಿ, ಅವನನ್ನು ಕಂಬಳಿಯ ಜೋಳಿಗೆಯಲ್ಲಿ ದಾಟಿಸಿದಳು.

ಮುದಗಲ್‌ನಿಂದ ಎಲುಬು ಕಟ್ಟುವ ಹುಸೇನ್‌ಸಾಬ್ ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. "ಬಿದಿರು ಮುಟ್ಟಿ ಮುರ್ಕೊಂಡಿ, ಬಿದಿರೇ ಕಟ್ಟೀನಿ," ಎಂದ. "ಅಂವಾ ಪಂಪಣ್ಣನೂ ಹೊಡದ್ನಂತಲ್ಲೋ, ನಾಚಿಕಿಲ್ದವ."

"ಹೊಡದ್ನಲ್ರಿ," ಎಂದ ಗ್ಯಾನಪ್ಪ, ನೋವಿಗೆ ಹಲ್ಲು ಕಚ್ಚಿ. "ಹೊಡಿಯಾಕ ಕೈ ಎದ್ದಿತಂದ್ರ ಜೀವ ಉಳೀತಂತ ಆತಲ್ಲ."

ಗ್ಯಾನಪ್ಪ ಇನ್ನು ಬೋಳಗುಡ್ಡಕ್ಕೆ ಕಾಲಿಡಕೂಡದು ಎಂದು ಚಾವಡಿಯಲ್ಲಿ ತೀರ್ಮಾನವಾಯಿತು. ಸುದ್ದಿ ಮುಟ್ಟಿಸುವ ಕೆಲಸ ಉಳಿಯಿತು. ಅದಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ. ಕಾಲು ಸೊಟ್ಟಗೆ ಕೂಡಿಕೊಂಡಿತು.

ಪಂಪಣ್ಣನ ಹರಕೆ ಮಾತ್ರ ತೀರಿರಲಿಲ್ಲ. ಮರುವರ್ಷ ಹೊಸ ಬಿದಿರು, ಹೊಸ ಕಳಸ, ಹೆಗಲು ಅದೇ. "ಈ ಸಾರಿ ಗ್ಯಾನಪ್ಪನ್ನ ಮುಂದ ಬಿಟ್ಕೊಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಅಮರಮ್ಮ ಬೇಡಿದಳು. ಹಿಂದಿನ ವರ್ಷ "ಬಿಡೋ" ಎಂದು ಕೂಗಿದ್ದ ತಪ್ಪಿಗೆ ಅವಳನ್ನೇ ಊರಲ್ಲಿ ಬಿಟ್ಟು ಹೊರಟರು.

ಗುಡ್ಡದ ಬುಡದಲ್ಲಿ ಗ್ಯಾನಪ್ಪ ಕೋಲೂರಿ ನಿಂತಿದ್ದ. ಮುದಗಲ್ ದಿಕ್ಕು ಮತ್ತೆ ಕಪ್ಪಾಗಿತ್ತು.

"ಅಯ್ಯಾರ, ಇವತ್ತ ಬ್ಯಾಡ್ರಿ. ನಾಳಿ ಹತ್ರಿ."

"ನೀ ಮುಟ್ಟಿದ್ದಕ್ಕ ಬಂದಿದ್ದ ಸಿಡ್ಲು ಅದು. ನೀ ಇಲ್ದಿದ್ರ ಯಾಕ ಬರ್ತದ ಲೇ?"

ಗ್ಯಾನಪ್ಪ ಪಂಪಣ್ಣನ ಕಡೆ ತಿರುಗಿದ. "ಎಪ್ಪಾ, ನೀನರ ಕೇಳೋ."

ಪಂಪಣ್ಣ ಅವನ ಸೊಟ್ಟ ಕಾಲು ನೋಡಿದ, ಮುಖ ನೋಡಲಿಲ್ಲ. "ಒಮ್ಮಿ ತೀರಿಸಿಬಿಡ್ತೀನಿ ಗ್ಯಾನಪ್ಪ. ನಮ್ಮವ್ವ ಹೆಣ್ಣು ನೋಡಿ ಇಟ್ಟಾಳ," ಎಂದು ಹತ್ತಿದ.

ಗಂಟೆಯ ಸಪ್ಪಳ ಮೇಲೇರುತ್ತ ಹೋಯಿತು. ಮೋಡ ಕವಿಯಿತು. ಸೊಟ್ಟ ಕಾಲೆಳೆದುಕೊಂಡು ಮೊದಲ ಬಂಡೆಯವರೆಗೆ ಹೋದ ಗ್ಯಾನಪ್ಪ ಅಲ್ಲಿಂದಲೇ ಕೋಲು ಕುಟ್ಟಿದ, ಕೈ ಸೋಲುವವರೆಗೆ ಕುಟ್ಟಿದ. ಮೇಲೆ ಯಾರಿಗೆ ಕೇಳಬೇಕು? ಆಣೆಕಲ್ಲಿನ ಸದ್ದಿನ ನಡುವೆ ಗಂಟೆ ಮಾತ್ರ ಕೇಳುತ್ತಿತ್ತು. ಒಂದು ಬೆಳಕು ಬಂತು. ಆಮೇಲೆ ಗಂಟೆ ಕೇಳಲಿಲ್ಲ.

ಸಂಜೆಗೆ ಅವರು ಪಂಪಣ್ಣನನ್ನು ಹೊತ್ತು ಇಳಿದರು. ಕಂಬಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕರಿಬಸಯ್ಯ ಬೇವಿನ ಮರಕ್ಕೆ ಒರಗಿ ಕೂತು, ನೆಲ ನೋಡುತ್ತ ಹೇಳಿದ:

"ಗ್ಯಾನಪ್ಪ, ಅಮರಮ್ಮಗ ಸುದ್ದಿ ಮುಟ್ಟಿಸಬೇಕಲ್ಲೋ."

ಆ ಬಾಯಿಂದ ಅವನ ಹೆಸರು ಪೂರ್ತಿಯಾಗಿ ಬಂದದ್ದು ಅದೇ ಮೊದಲು.

ಗ್ಯಾನಪ್ಪ ತಲೆಯ ಬಟ್ಟೆ ಹರಿದು ಗೆಜ್ಜೆಗೆ ಸುತ್ತಿದ. ಎರಡು ಕಾಲಿದ್ದವರಿಗೆ ಅದೇನು ದೊಡ್ಡ ದೂರವಲ್ಲ. ಅವನು ತಲುಪುವಷ್ಟರಲ್ಲಿ ಬೆಳಗಾಗಿತ್ತು. ಅಮರಮ್ಮ ಅಂಗಳಕ್ಕೆ ಸಗಣಿನೀರು ಹಾಕುತ್ತಿದ್ದಳು. ಕುಂಟುತ್ತ ಬರುವ ಮನುಷ್ಯನನ್ನು ನೋಡಿದಳು. ಆಮೇಲೆ ಸದ್ದು ಮಾಡದ ಕೋಲನ್ನು ನೋಡಿದಳು. ಕೊಡ ಕೈಯಿಂದ ಜಾರಿತು.

ಅವನು ನಿಲ್ಲಬೇಕಾದ ಜಾಗದಲ್ಲಿ ನಿಂತ. "ಯವ್ವಾ," ಎಂದ.

ಅವಳೇ ಅಂಗಳ ದಾಟಿ ಬಂದು ಅವನ ಎರಡೂ ಮುಂಗೈ ಹಿಡಿದುಕೊಂಡಳು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇವೇ ಕೈ ಅಲ್ಲೇನೋ," ಎಂದಳು. "ಇವು ಮುಟ್ಟಿದ್ದಕ್ಕ ನನ್ನ ಮಗ ಒಂದು ವರ್ಷ ಹೆಚ್ಚಿಗಿ ಉಂಡ. ಈ ಸಾರಿನೂ ಮುಟ್ಟಬಾರದೇನೋ, ಗ್ಯಾನಪ್ಪ? ಮುಟ್ಟಬಾರದೇನೋ?"

ಗ್ಯಾನಪ್ಪ ತನ್ನ ಕಾಲು ತೋರಿಸಲಿಲ್ಲ. ಅವಳು ಬಿಡುವವರೆಗೆ ಕೈ ಬಿಡಿಸಿಕೊಳ್ಳಲೂ ಇಲ್ಲ.

ಆಮೇಲೆ ಅವಳು ಮೈಲಿಗೆ ಕಳೆಯಲು ತಲೆಗೆ ನೀರು ಹಾಕಿಕೊಂಡಳೇ ಎಂದು ಊರಿನವರು ವಿಚಾರಿಸಲಿಲ್ಲ. ಸಾವಿನ ಮನೆ, ಅಲ್ಲಿ ಹೇಗೂ ಎಲ್ಲರೂ ಹಾಕಿಕೊಳ್ಳುತ್ತಾರೆ.