ಪಂಪು ಯಾವ ಕಡೆ

ಹತ್ತೊಂಬತ್ತು ವರ್ಷ ಹೆಡ್ಲಿ ರಾಬ್ಸನ್ ಒಂದೇ ಚೀಟಿ ಬರೆದು ಡಬ್ಬಿಗೆ ಹಾಕಿದರು. ಇಪ್ಪತ್ತನೆಯ ವರ್ಷ ಅದು ನಿಜವಾಯಿತು.

ನಮ್ಮ ಮಾಡೆಲ್ ರೈಲು ಕ್ಲಬ್ಬು ಇರುವುದು ಮೆಥಡಿಸ್ಟ್ ಚರ್ಚಿನ ಹಿಂದಿನ ಹಾಲಿನಲ್ಲಿ. ಪ್ರತಿ ಗುರುವಾರ ಸಂಜೆ ಸೇರುತ್ತೇವೆ. ಡಿಸೆಂಬರಿನ ಕೊನೆಯ ಗುರುವಾರ ಒಂದು ಬಿಸ್ಕತ್ತಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಬರುವ ವರ್ಷ ಕಂಪನಿಯವರು ಯಾವ ಹೊಸ ಎಂಜಿನ್ ಬಿಡುತ್ತಾರೆ ಅಂತ ಎಲ್ಲರೂ ಒಂದೊಂದು ಚೀಟಿ ಬರೆದು ಅದರೊಳಗೆ ಹಾಕಬೇಕು. ಜನವರಿಯಲ್ಲಿ ಕಂಪನಿಯ ಪಟ್ಟಿ ಹೊರಬಿದ್ದ ಮೇಲೆ ಡಬ್ಬಿ ತೆಗೆಯುವುದು. ಸರಿಯಾಗಿ ಬರೆದವನಿಗೆ ಹಂದಿಮಾಂಸ ತುಂಬಿ ಸುಟ್ಟ ಒಂದು ಇಡೀ ಪೋರ್ಕ್ ಪೈ. ಮಿಕ್ಕವರು ಬರಿ ಟೀ ಕುಡಿದುಕೊಂಡು ಅವನು ತಿನ್ನುವುದನ್ನು ನೋಡಬೇಕು.

ಹೆಡ್ಲಿ ಬರೆಯುತ್ತಿದ್ದದ್ದು ಸ್ಕೆಲ್‌ಬೆಕ್ ಕಲ್ಲುಗಣಿ ಲೈನಿನಲ್ಲಿ ಓಡುತ್ತಿದ್ದ ಒಂದು ಜಾತಿಯ ಸಣ್ಣ ಉಗಿ ಎಂಜಿನ್ನಿನ ಹೆಸರು. ಹದಿನೇಳನೆಯ ವಯಸ್ಸಿಗೆ ಅವರು ಆ ಲೈನಿನ 1764 ನಂಬರಿನ ಎಂಜಿನ್ನಿನಲ್ಲಿ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿ ನಾಲ್ಕು ವರ್ಷ ದುಡಿದಿದ್ದರು. ಆಮೇಲೆ ಲೈನು ಮುಚ್ಚಿತು, ಅವರ ಎಂಜಿನ್ನನ್ನು ಗುಜರಿಯವರು ಕಡಿದು ಹಾಕಿದರು. ಹೆಡ್ಲಿ ಬಿಸ್ಕತ್ತು ಕಾರ್ಖಾನೆ ಸೇರಿ ಮೂವತ್ತೆಂಟು ವರ್ಷ ಅಲ್ಲಿನ ಬಾಯ್ಲರ್ ನೋಡಿಕೊಂಡರು. ಆ ಮೂವತ್ತೆಂಟು ವರ್ಷದ ಬಗ್ಗೆ ಅವರ ಬಾಯಲ್ಲಿ ಹತ್ತು ಮಾತು ಬಂದದ್ದನ್ನು ನಾನು ಕೇಳಿಲ್ಲ. ಆ ನಾಲ್ಕು ವರ್ಷದ ಬಗ್ಗೆ ಕೇಳದ ಗುರುವಾರವಿಲ್ಲ.

ಆ ಜನವರಿ ಸೆಕ್ರೆಟರಿ ಕ್ಲೈವ್ ಪಾಟ್ಸ್ ಪಟ್ಟಿ ಓದುತ್ತಾ ಓದುತ್ತಾ ನಿಂತುಬಿಟ್ಟ. ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದಿದ.

“ಹೆಡ್ಲಿ, ಬಂತು ನೋಡಿ ನಿಮ್ಮ ಹಾಳು ಎಂಜಿನ್ನು. ಇಪ್ಪತ್ತು ವರ್ಷ ನಮ್ಮ ತಲೆ ತಿಂದ್ರಿ, ಇವತ್ತು ಪೈ ತಿಂದು ಸಾಯಿರಿ.”

“ನಿನ್ನ ಹೆಂಡತಿ ಮಾಡಿದ ಪೈ ತಾನೇ? ಹಾಗಿದ್ರೆ ಸಾಯೋದು ಖಾತ್ರಿ ಬಿಡು,” ಅಂದರು ಹೆಡ್ಲಿ.

ಎಲ್ಲರೂ ನಕ್ಕೆವು. ಅವರೂ ನಕ್ಕರು. ಆದರೆ ಪೈ ಕತ್ತರಿಸುವ ಮೊದಲು ಪಟ್ಟಿ ಇಸಕೊಂಡು ಆ ಸಾಲನ್ನು ತಾವೇ ಮೂರು ಸಲ ಓದಿದರು. ಖುಷಿಗೆ ಅಂದುಕೊಂಡೆ.

ಮುಂದಿನ ಗುರುವಾರ ಅವರು ಬೇರೆ ಜಾತಿಯ ಒಂದು ಹಳೆ ಮಾಡೆಲ್ ಎಂಜಿನ್ ತಂದು ಮೇಜಿನ ಮೇಲೆ ಇಟ್ಟು, ಅದನ್ನೇ 1764 ಮಾಡಲು ಸಣ್ಣ ಗರಗಸದಿಂದ ಅದರ ಬೆನ್ನು ಕುಯ್ಯಲು ಶುರುಮಾಡಿದರು. ನಾನು ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡುವವನು, ಲೋಹ ಕುಯ್ಯುವ ಸದ್ದು ಕೇಳಿದರೆ ಸುಮ್ಮನೆ ಕೂರಲಾರೆ. ಎದ್ದು ಹೋದೆ.

“ಏನ್ರೀ ಇದು? ಕಂಪನಿಯವರೇ ಬಿಡ್ತಾ ಇದಾರೆ, ಸ್ವಲ್ಪ ತಡ್ಕೊಳ್ಳೋಕೆ ಆಗಲ್ವಾ?”

“ಅವರದ್ದು ಬರ್ಲಿ ತಮ್ಮಾ. ಅಷ್ಟರಲ್ಲಿ ನಂದು ಮುಗಿಸ್ತೀನಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.”

“ಫೋಟೋ ಗೀಟೋ ಬೇಕಾ? ಹುಡುಕಿ ಕೊಡ್ತೀನಿ.”

“ಬೇಡ. ಒಂದೂ ಬೇಡ,” ಅಂತ ಹಣೆ ತಟ್ಟಿಕೊಂಡರು. “ಎಲ್ಲಾ ಇಲ್ಲೇ ಇದೆ.”

ಮುದುಕನಿಗೆ ಜಂಬ ಅಂದುಕೊಂಡೆ. ಜಂಬವಲ್ಲ ಅಂತ ಅವರ ಹೆಂಡತಿ ಮೇವಿಸ್ ಬಹಳ ತಡವಾಗಿ ಹೇಳಿದರು, ನಾನು ಈಗಲೇ ಹೇಳುತ್ತೇನೆ. ಹಿಂದಿನ ಶರತ್ಕಾಲದಲ್ಲಿ ಡಾಕ್ಟರು ಹೆಡ್ಲಿಯನ್ನು ಕೂರಿಸಿಕೊಂಡು ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯಿರಿ, ಗಡಿಯಾರದ ಚಿತ್ರ ಬರೆಯಿರಿ ಅಂತೆಲ್ಲ ಕೇಳಿ, ಮರೆವಿನ ಕಾಯಿಲೆ ಶುರುವಾಗಿದೆ ಅಂದಿದ್ದರಂತೆ. ಹೆಡ್ಲಿ ಒಪ್ಪಲಿಲ್ಲ. ಗಡಿಯಾರ ಬರೆಯಲು ತಾನೇನು ಮಗುವೇ ಅಂದರಂತೆ. ತನ್ನ ಪರೀಕ್ಷೆ ತಾನೇ ಇಟ್ಟುಕೊಂಡರು. 1764ನ್ನು ಒಂದು ಫೋಟೋ ಕೂಡ ನೋಡದೆ ತಲೆಯೊಳಗಿಂದ ತೆಗೆದು ಮಾಡುವುದು, ಕಂಪನಿಯವರದ್ದು ಬಂದ ದಿನ ಪಕ್ಕದಲ್ಲಿಟ್ಟು ನೋಡುವುದು. ಸರಿಯಿದ್ದರೆ ತಲೆ ಇನ್ನೂ ತನ್ನದೇ.

ಅದಕ್ಕೆ ಆ ಹತ್ತು ತಿಂಗಳು ಅಷ್ಟು ಕಷ್ಟಪಟ್ಟರು. ಗಿಟಾರಿನ ತಂತಿ ಬಗ್ಗಿಸಿ ಹಿಡಿದು ಹತ್ತುವ ಕಂಬಿ ಮಾಡಿದರು. ಹೊಗೆ ಕೊಳವೆಯನ್ನು ಮೂರು ಸಲ ಮಾಡಿ ಮೂರು ಸಲ ಬಿಸಾಕಿದರು, “ಒಂದು ಕೂದಲಷ್ಟು ಎತ್ತರ” ಅಂತ. ಬ್ರೇಕಿಗೆ ಗಾಳಿ ತುಂಬುವ, ಉಗಿಯಲ್ಲೇ ಓಡುವ ಪಂಪು ಆ ಎಂಜಿನ್ನಿನ ಮೂತಿಯ ಪಕ್ಕದಲ್ಲಿ ನೇತುಹಾಕಿದ ಹಾಗೆ ಇರುತ್ತಿತ್ತು. ಅದನ್ನು ಹಿತ್ತಾಳೆ ಕೊಳವೆಯ ಚೂರು, ಪೆನ್ನಿನ ಸ್ಪ್ರಿಂಗು ಸೇರಿಸಿ ಬೆಸುಗೆ ಹಾಕಿ ಮಾಡಿದರು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಕೊನೆಗೆ ಹೊಸ ಬಣ್ಣದ ಮೇಲೆ ಬೆರಳಿನಿಂದ ಮಸಿಪುಡಿ ತಿಕ್ಕಿದರು. ಕೊಳೆಯಿಲ್ಲದ ಎಂಜಿನ್ ನಮ್ಮವರ ಕಣ್ಣಿಗೆ ಬೆತ್ತಲೆ ನಿಂತ ಹಾಗೆ ಕಾಣುತ್ತದೆ.

ನವೆಂಬರಿನಲ್ಲಿ ಮುಗಿಯಿತು. ಕಂಪನಿಯದು ಇನ್ನೂ ಬಂದಿರಲಿಲ್ಲ. ಆ ವರ್ಷವೇ ಬಿಡುತ್ತೇವೆ ಎಂದವರು ಮುಂದಿನ ವಸಂತ ಅಂದಿದ್ದರು, ಆಮೇಲೆ ಅದನ್ನೂ ಮುಂದಕ್ಕೆ ಹಾಕಿದರು.

ಅದೇ ಗುರುವಾರ ನನ್ನ ಚೀಲದಲ್ಲಿ ಒಂದು ಪುಸ್ತಕವಿತ್ತು. ಹಳೆಯ ಕಲ್ಲುಗಣಿ ಲೈನುಗಳ ಚಿತ್ರದ ಪುಸ್ತಕ. ಆರು ವಾರ ಅಂಗಡಿ ಅಂಗಡಿ ಸುತ್ತಿ ಹುಡುಕಿದ್ದೆ, ಹೆಡ್ಲಿಗೆ ಕೊಡೋಣ ಅಂತಲೇ. ಸ್ಕೆಲ್‌ಬೆಕ್ ಎಂಜಿನ್ನಿನ ಚಿತ್ರ ಅದರಲ್ಲಿ ಒಂದೇ ಒಂದು. ಮಸಿ ಹಿಡಿದು ನಂಬರು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಡ್ರೈವರ್ ನಿಂತಿದ್ದ.

ಹೆಡ್ಲಿಯ ಎಂಜಿನ್ ಹಳಿ ಮೇಲೆ ಒಂದು ಸುತ್ತು ಬಂದು ನಿಂತಿತು. ಎಲ್ಲರೂ ಬಗ್ಗಿ ನೋಡಿದರು. ಕ್ಲೈವ್ ಕೂಡ ಟೀ ಲೋಟ ಕೆಳಗಿಟ್ಟ. ನಾನು ಪುಸ್ತಕ ತೆಗೆದು ಚಿತ್ರ ನೋಡಿದೆ, ಎಂಜಿನ್ ನೋಡಿದೆ. ಹೆಡ್ಲಿ ಪಂಪನ್ನು ಎಡಗಡೆ ಇಟ್ಟಿದ್ದರು. ಚಿತ್ರದಲ್ಲಿ ಅದು ಬಲಗಡೆ ಇತ್ತು.

“ಹೆಡ್ಲಿ, ಪಂಪು ತಪ್ಪು ಕಡೆ ಇದೆ.”

“ಇಲ್ಲ ತಮ್ಮಾ. ಎಡಗಡೇನೇ.”

“ಇಲ್ಲಿ ನೋಡಿ, ಬಲಗಡೆ.”

“ಗಣಿ ಹತ್ರ ಇಪ್ಪತ್ತು ನಿಮಿಷ ನಿಲ್ತಿದ್ವಿ. ನನ್ನ ರೊಟ್ಟಿ ಗಂಟನ್ನ ಆ ಪಂಪಿನ ಮೇಲೇ ಬಿಸಿಗೆ ಇಡ್ತಿದ್ದೆ. ನಾನು ಇಳೀತಿದ್ದದ್ದು ಎಡಗಡೆ.”

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆರು ವಾರ ಹುಡುಕಿ ತಂದ ಪುಸ್ತಕವನ್ನು ಬಗ್ಗಿ ಕೂಡ ನೋಡದೆ ರೊಟ್ಟಿ ಕತೆ ಹೇಳುತ್ತಾರಲ್ಲ ಅಂತ ನನಗೆ ಸಿಟ್ಟು ನೆತ್ತಿಗೇರಿತು.

“ಅರವತ್ತು ವರ್ಷದ ಹಿಂದಿನ ರೊಟ್ಟಿ ತಗೊಂಡು ಏನ್ ಮಾಡ್ಲಿ? ಅಚ್ಚಾಗಿದೆ ಇಲ್ಲಿ, ಕಣ್ಣಿಲ್ವಾ ನಿಮಗೆ? ನಾಲ್ಕು ವರ್ಷ ಅದರ ಮೇಲೆ ಕೂತಿದ್ದೆ ಅಂತೀರಿ, ಪಂಪು ಯಾವ ಕಡೆ ಅಂತ ಗೊತ್ತಿಲ್ಲ! ತಲೆ ಎಲ್ಲಿಟ್ಟಿದ್ದೀರಿ?”

“ಏ, ಸಾಕು ಬಿಡೋ,” ಅಂದ ಕ್ಲೈವ್.

ಹೆಡ್ಲಿ ಆಗ ಪುಸ್ತಕ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಬೆರಳಿನಿಂದ ಚಿತ್ರದ ಪಂಪನ್ನು ಮುಟ್ಟಿದರು. ಅವರು ತಿರುಗಿ ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. “ಹೌದಲ್ಲ,” ಅಂದರು ಅಷ್ಟೆ. ಎಂಜಿನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟರು. ಬಾಗಿಲ ಹತ್ತಿರ ಕೋಟು ಹುಡುಕಿದರು. ಕೋಟು ಮೈಮೇಲೆ ಇತ್ತು.

ಆಮೇಲೆ ಅವರು ಕ್ಲಬ್ಬಿಗೆ ಬರಲಿಲ್ಲ. ಆ ಡಿಸೆಂಬರ್ ಡಬ್ಬಿಯಲ್ಲಿ ಒಂದು ಚೀಟಿ ಕಡಿಮೆ. ಸಿಟ್ಟು ಇಳಿದ ಮೇಲೆ ಹೋಗಿ ಮಾತಾಡಬೇಕು ಅಂತ ಪ್ರತಿ ಭಾನುವಾರ ಅಂದುಕೊಂಡೆ. ಹೇಗಿದ್ದರೂ ಹೇಳಿದ್ದು ಸರಿಯೇ ತಾನೇ ಅಂತ ಪ್ರತಿ ಭಾನುವಾರ ಮನೆಯಲ್ಲೇ ಕೂತೆ.

ಒಂದೂವರೆ ವರ್ಷ ತಡವಾಗಿ ಕಂಪನಿಯ ಎಂಜಿನ್ ಬಂತು. ನಾನೂ ಒಂದು ತರಿಸಿದ್ದೆ. ಕ್ಲಬ್ಬಿನ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿ ಕಾಗದ ಸರಿಸಿದೆ. ಪಂಪು ಎಡಗಡೆ ಇತ್ತು.

“ನೋಡ್ರೋ ಈ ಕಂಪನಿಯವರ ಬಾಳು!” ಅಂತ ಕೂಗಿದೆ. “ಇಷ್ಟು ವರ್ಷ ಕಾಯಿಸಿ ತಪ್ಪು ಮಾಡಿ ಕಳಿಸಿದಾರೆ!”

“ಅವರು ತಪ್ಪು ಮಾಡಿರೋದಿಲ್ಲ ಕಣೋ,” ಅಂದ ಕ್ಲೈವ್. “ಆ ಜಾತಿದು ಒಂದೇ ಒಂದು ಉಳಿದಿದೆ, ಯಾವುದೋ ಮ್ಯೂಸಿಯಮ್ಮಿನ ಗೋದಾಮಲ್ಲಿ. ಯಾರನ್ನೂ ಒಳಗೆ ಬಿಡಲ್ಲ. ಕಂಪನಿಯವರನ್ನ ಬಿಟ್ಟಿದ್ರು. ಅಂಗುಲ ಅಂಗುಲ ಅಳತೆ ತಗೊಂಡಿದಾರೆ. ಎಲ್ಲಿ, ನಿನ್ನ ಪುಸ್ತಕ ಕೊಡು.”

ಚಿತ್ರವನ್ನು ದೀಪದ ಕೆಳಗೆ ಹಿಡಿದು ನೋಡಿದ. ಎಂಜಿನ್ನನ್ನಲ್ಲ, ಪಕ್ಕದಲ್ಲಿ ನಿಂತ ಡ್ರೈವರನ್ನು.

“ಇವನೇನು ಹೆಂಡತಿ ಕೋಟು ಹಾಕ್ಕೊಂಡು ಡ್ಯೂಟಿಗೆ ಬಂದಿದ್ನಾ?”

“ಏನು?”

“ಗುಂಡಿ ನೋಡು. ಗಂಡಸರ ಕೋಟಿಗೆ ಗುಂಡಿ ಬಲಗಡೆ. ಇವನದು ಎಡಗಡೆ. ಅಚ್ಚಿನವರು ಫಿಲ್ಮನ್ನ ಉಲ್ಟಾ ಇಟ್ಟಿದಾರೆ. ಇಡೀ ಚಿತ್ರಾನೇ ತಿರುವು ಮುರುವು.”

ಹೇಳಿ ಮುಗಿಸುವಷ್ಟರಲ್ಲಿ ಅವನ ದನಿ ಇಳಿದಿತ್ತು. ಹಾಲಿನಲ್ಲಿದ್ದ ಯಾರೂ ನನ್ನ ಮುಖ ನೋಡಲಿಲ್ಲ.

ಮರುದಿನ ಹೆಡ್ಲಿಯ ಮನೆಗೆ ಹೋದೆ. ಬಾಗಿಲು ತೆಗೆದದ್ದು ಮೇವಿಸ್. ಹೆಡ್ಲಿ ಐದು ತಿಂಗಳಿನಿಂದ ವೃದ್ಧರ ಆರೈಕೆ ಮನೆಯಲ್ಲಿದ್ದಾರೆ ಅಂದರು. ನಾನು ಬಂದ ವಿಷಯ ಹೇಳಿದೆ. ಅವರು ನನ್ನನ್ನು ಕೂರಿಸಿ, ಡಾಕ್ಟರ ಮಾತಿನಿಂದ ಹಿಡಿದು ಎಲ್ಲ ಹೇಳಿದರು.

“ಆ ಗುರುವಾರ ಬಂದವರೇ ಮೇಜಿಗೆ ಕೂತ್ರು. ಪಂಪು ಕಿತ್ತು ಬಲಗಡೆ ಅಂಟಿಸಿದ್ರು. ‘ಮುಗೀತು ಮೇವಿಸ್, ಅದೊಂದಿತ್ತು, ಅದೂ ಹೋಯ್ತು’ ಅಂದ್ರು. ಅವತ್ತಿಂದ ಯಾವುದಕ್ಕೂ ತಮ್ಮನ್ನ ತಾವು ನಂಬ್ಲಿಲ್ಲ. ಟೀಗೆ ಸಕ್ಕರೆ ಹಾಕಿದ್ನಾ, ಬೀಗ ಹಾಕಿದ್ನಾ, ಎಲ್ಲಾ ನನ್ನೇ ಕೇಳೋರು.”

“ನಾನು... ನನಗೆ ಗೊತ್ತಿರ್ಲಿಲ್ಲ.”

“ಯಾರಿಗೂ ಹೇಳಿರ್ಲಿಲ್ಲ ಅವರು. ಕಾಯಿಲೆ ಹೇಗಿದ್ರೂ ಬರೋದಿತ್ತು, ಅದನ್ನ ನೀನು ತಂದಿಲ್ಲ.” ಮೇಜಿನ ಬಟ್ಟೆಯ ಅಂಚು ನೇರಮಾಡಿ, “ಆದ್ರೆ ಇನ್ನೊಂದಿಷ್ಟು ದಿನ ಧೈರ್ಯವಾಗಿರೋರು,” ಅಂದರು. “ಹೋಗಿ ನೀನೇ ಹೇಳು. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದಾಳೆ ಅಂದ್ಕೋತಾರೆ.”

ಆರೈಕೆ ಮನೆಯಲ್ಲಿ ಹೆಡ್ಲಿ ಕಿಟಕಿ ಪಕ್ಕ ಕೂತಿದ್ದರು. ಯಾರದೋ ಸ್ವೆಟರು ಹಾಕಿದ್ದರು, ತೋಳು ಉದ್ದವಾಗಿತ್ತು. ನನ್ನ ಗುರುತು ಹತ್ತಲಿಲ್ಲ. “ಬಾ ತಮ್ಮಾ, ಕೂತ್ಕೋ,” ಅಂದರು, ಯಾರಿಗಾದರೂ ಅನ್ನುವ ಹಾಗೆ. ನಾನು ತರಿಸಿದ್ದ ಕಂಪನಿಯ ಎಂಜಿನ್ನನ್ನು ಪೆಟ್ಟಿಗೆಯಿಂದ ತೆಗೆದು ಅವರ ಕೈಗೆ ಕೊಟ್ಟೆ.

ಕೈಗೆ ಮಾತ್ರ ಗುರುತು ಇತ್ತು. ಚಕ್ರಕ್ಕೆ ಬೆರಳು ತಾಗದ ಹಾಗೆ, ಹಿಡಿಯಬೇಕಾದ ಹಾಗೆಯೇ ಹಿಡಿದರು. ಕೊಳವೆ ನೋಡಿದರು. ತಿರುಗಿಸಿದರು. ಉಗುರು ಹೋಗಿ ಪಂಪಿನ ಮೇಲೆ ನಿಂತಿತು.

“ಇದು ತಪ್ಪು,” ಅಂದರು. “ಪಂಪು ಆ ಕಡೆ ಇರ್ಬೇಕು. ಬಲಗಡೆ.”

“ಇಲ್ಲ ಹೆಡ್ಲಿ. ಎಡಗಡೇನೇ ಸರಿ. ನೀವು ಮಾಡಿದ್ದೇ ಸರಿ. ನಿಮ್ಮ ರೊಟ್ಟಿ ಇಡ್ತಿದ್ರಲ್ಲ, ನೆನಪಿಲ್ವಾ?”

“ರೊಟ್ಟಿನಾ?” ಅಂತ ನಕ್ಕರು. “ನನಗೇನೂ ನೆನಪಿರಲ್ಲ ತಮ್ಮಾ, ನನ್ನ ಮಾತು ನಂಬಬೇಡ. ಆದ್ರೆ ಇದು ಖಂಡಿತ. ಕ್ಲಬ್ಬಲ್ಲಿ ಒಬ್ಬ ಹುಡುಗ ಇದಾನೆ, ಅವನು ಪುಸ್ತಕದಲ್ಲೇ ತೋರಿಸಿದ.”

“ಅವನಿಗೆ ಏನೂ ಗೊತ್ತಿಲ್ಲ. ಅವನೊಬ್ಬ ಮುಟ್ಠಾಳ.”

ಹೆಡ್ಲಿಯ ಮುಖ ಬಿಗಿಯಿತು.

“ಹಾಗನ್ಬೇಡ. ಸ್ವಲ್ಪ ಸಿಟ್ಟು ಜಾಸ್ತಿ ಅವನಿಗೆ, ಅಷ್ಟೆ. ವಿಷಯ ಬಲ್ಲ.” ಎಂಜಿನ್ನನ್ನು ನನ್ನ ಕೈಗೆ ವಾಪಸು ಇಟ್ಟರು. “ಬಿಸಾಕೋಕೆ ಹೋಗ್ಬೇಡ. ಸಣ್ಣ ಅರ ತಗೊಂಡು ನಿಧಾನಕ್ಕೆ ಬಿಡಿಸು. ಸರಿಮಾಡ್ಬಹುದು. ಸರಿಮಾಡ್ಕೊಂಡು ಬಾ, ನೋಡ್ತೀನಿ.”

ಆ ಭಾನುವಾರ ಅಡುಗೆಮನೆ ಮೇಜಿನ ಮೇಲೆ ಎಂಜಿನ್ ಇಟ್ಟುಕೊಂಡು ಕೂತೆ. ಸಣ್ಣ ಅರದಿಂದ ಪಂಪು ಬಿಡಿಸಿದೆ. ಎಡಗಡೆಯ ತೂತಿಗೆ ಮೇಣ ತುಂಬಿ ಉಜ್ಜಿ ಬಣ್ಣ ಹಚ್ಚಿದೆ. ಬಲಗಡೆ ಹೊಸ ತೂತು ಕೊರೆದು ಪಂಪು ಕೂರಿಸಿದೆ. ಮೇಲೆ ಮಸಿ ತಿಕ್ಕಿದೆ.

ಗುರುವಾರ ಕ್ಲಬ್ಬಿಗೆ ಹೋಗುವ ಬದಲು ಆರೈಕೆ ಮನೆಗೆ ಹೋದೆ. ಹೆಡ್ಲಿ ಎಂಜಿನ್ನನ್ನು ಬೆಳಕಿಗೆ ಹಿಡಿದು ಬಲಗಡೆ ನೋಡಿದರು.

“ಹೂಂ,” ಅಂದರು. “ಈಗ ಸರಿಯಾಯ್ತು. ಆ ಹುಡುಗನಿಗೂ ಒಂದ್ಸಲ ತೋರ್ಸು.”

ತೋರಿಸುತ್ತೇನೆ ಅಂದೆ. ಎಂಜಿನ್ ಈಗ ಅವರ ಕಿಟಕಿ ಕಟ್ಟೆಯ ಮೇಲಿದೆ, ಬಲಗಡೆ ಅವರಿಗೆ ಕಾಣುವ ಹಾಗೆ. ಪ್ರತಿ ಗುರುವಾರ ಹೋದಾಗ ನಾನೇ ಅದರ ಧೂಳು ಒರೆಸುತ್ತೇನೆ. ಎಡಗಡೆ ಬಣ್ಣದ ಕೆಳಗೆ ತುಂಬಿದ ತೂತು ಕಣ್ಣಿಗೆ ಕಾಣುವುದಿಲ್ಲ. ಬಟ್ಟೆಯ ಮೇಲಿಂದಲೂ ಬೆರಳಿಗೆ ತಗುಲುತ್ತದೆ.