ಬಾನೆಟ್ ಕೆಳಗೆ ಅತ್ತೆ ಹಾಕಿದ ಗಂಟು

ಹೋದ ಅಮಾವಾಸ್ಯೆಯ ದಿನ ಬ್ಯಾಡಗಿಯಲ್ಲಿ, ಮೂವತ್ತು ಜನರ ಎದುರಿಗೆ, ಒಂದು ಗುಂಡಿಯನ್ನು ಹನ್ನೊಂದು ಸಲ ಒತ್ತಿದೆ. ಹನ್ನೊಂದು ಸಲವೂ ಏನೂ ಆಗಲಿಲ್ಲ. ಅವತ್ತು ನನ್ನ ಮರ್ಯಾದೆ ಮೂರಾಬಟ್ಟೆಯಾಯಿತು.

ಮೊದಲಿನಿಂದ ಹೇಳುತ್ತೇನೆ. ಮಸ್ಕತ್‌ನಿಂದ ರಜೆಗೆ ಬಂದ ಗೆಳೆಯನೊಬ್ಬ ನನಗೊಂದು ಡಬ್ಬಿ ತಂದುಕೊಟ್ಟ. ಒಳಗೆ ಕಾರಿನ ಅಲಾರಂ. ಕಳ್ಳ ಮುಟ್ಟಿದರೆ ಬೊಬ್ಬೆ ಹೊಡೆಯುತ್ತದೆ, ಅದು ಹಾಗಿರಲಿ. ದೂರ ನಿಂತು ರಿಮೋಟಿನ ಗುಂಡಿ ಒತ್ತಿದರೆ ಕಾರು ತಾನೇ ಚಾಲೂ ಆಗುತ್ತದೆ! ಒಳಗೆ ಯಾರೂ ಇಲ್ಲ, ಕೀಲಿಯೂ ಇಲ್ಲ, ಎಂಜಿನ್ ಮಾತ್ರ ಗುರ್ ಎನ್ನುತ್ತದೆ! ನಮ್ಮ ಹಾವೇರಿಯಲ್ಲಿ ಟಿವಿಗೆ ರಿಮೋಟ್ ಇರುವ ಮನೆಗಳೇ ಬೆರಳೆಣಿಕೆಯಷ್ಟು. ನನ್ನ ಸೆಕೆಂಡ್ ಹ್ಯಾಂಡ್ ಕಾರಿಗೆ ರಿಮೋಟ್ ಬಂದಿತ್ತು. ಕುಣಿಯಬೇಡವೇ?

ರಾಣೆಬೆನ್ನೂರಿನ ಈರಣ್ಣ ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಮಾಡುವವನು. ಇಂಥದ್ದನ್ನು ಎಂದೂ ಕಂಡವನಲ್ಲ. ಆದರೂ ಡಬ್ಬಿಯೊಳಗಿದ್ದ ಪುಸ್ತಕವನ್ನು ಎರಡು ದಿನ ಮುಂದಿಟ್ಟುಕೊಂಡು ಕೂತು, ಕೂಡಿಸಿಯೇಬಿಟ್ಟ.

"ಸರ, ಇದು ಗೇರ್ ಹಾಕೂದ ಇಲ್ಲದ ಪರದೇಶದ ಗಾಡಿಗೆ ಮಾಡಿದ್ದು. ನೀವು ಗಾಡಿ ನಿಂದ್ರಸುವಾಗ ನ್ಯೂಟ್ರಲ್ ಮಾಡ್ರಿ. ಮರೀಬ್ಯಾಡ್ರಿ" ಎಂದ.

ಹೂಂ ಅಂದೆ. ಮೂರು ಸಲ ಹೇಳಿದ, ಮೂರು ಸಲ ಹೂಂ ಅಂದೆ. (ಹೆಂಡತಿಯ ಮಾತಿಗೂ ಇದೇ ಹೂಂ ಎಂಬ ದೂರು ಮನೆಯಲ್ಲಿ ಇದೆ.) ಕಣ್ಣೆಲ್ಲ ರಿಮೋಟಿನ ಮೇಲಿತ್ತು. ಅವನ ಅಂಗಡಿಯ ಮುಂದೆ ಗುಂಡಿ ಒತ್ತಿದೆ. ಕಾರು ಚಾಲೂ! ಪಕ್ಕದ ಚಹಾದಂಗಡಿಯವನು ಕೈಯಲ್ಲಿನ ಲೋಟ ಮರೆತು ನಿಂತ. ನಾನು ಹೆಂಡತಿ ಶೋಭಾಳನ್ನು ಕೂಡಿಸಿಕೊಂಡು ಸೀದಾ ಬ್ಯಾಡಗಿಗೆ ಹೊರಟೆ.

ಬ್ಯಾಡಗಿಗೆ ಯಾಕೆ? ಅಲ್ಲಿ ನಮ್ಮ ಮಾವ ಇದ್ದಾರೆ. ಮೆಣಸಿನಕಾಯಿ ವ್ಯಾಪಾರಿ. ಹನ್ನೆರಡು ವರ್ಷದಿಂದ ಅವರು ನನ್ನನ್ನು ಪರಿಚಯಿಸುವುದು ಹೀಗೆ: "ಇವ್ರು ನಮ್ಮ ಅಳಿಯಂದ್ರು. ಪೇಪರಿನ್ಯಾಗ ಏನೋ ಬರೀತಾರ." ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಖಾರವೆಲ್ಲ ಮಾವನ ಆ 'ಏನೋ'ದಲ್ಲಿದೆ. ಅವರ ಬಾಯಿಂದ ಒಂದೇ ಒಂದು ಸಲ 'ಭಲೇ' ಅನ್ನಿಸಿಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ.

ಮುಂಚೆಯೇ ಫೋನ್ ಮಾಡಿದ್ದೆ. ಮಾವ ಮಾರ್ಕೆಟ್ಟಿನ ಅರ್ಧ ಜನರನ್ನು ಮನೆಮುಂದೆ ಸೇರಿಸಿದ್ದರು. ವ್ಯಾಪಾರಿಗಳು, ಹಮಾಲರು, ಓಣಿಯ ಹೆಣ್ಣುಮಕ್ಕಳು. ನಾನು ಕಾರು ನಿಲ್ಲಿಸಿ, ಒಳಗೆ ಹೋಗಿ ಗತ್ತಿನಿಂದ ಚಹಾ ಕುಡಿದೆ. ಹೊರಗೆ ಬಂದಾಗ ಅತ್ತೆ ಆರತಿ ತಟ್ಟೆ ಹಿಡಿದು ಕಾರಿನ ಮುಂದೆ ನಿಂತಿದ್ದರು. ನನಗೊಂದು ಐಡಿಯಾ ಹೊಳೆಯಿತು. ಅತ್ತೆ ಆರತಿ ಎತ್ತುವ ಹೊತ್ತಿಗೇ ಕಾರು ತಾನಾಗಿ ಚಾಲೂ ಆದರೆ ಹೇಗಿರುತ್ತದೆ!

ಅತ್ತೆ ಆರತಿ ಎತ್ತಿದರು. ನಾನು ಗುಂಡಿ ಒತ್ತಿದೆ.

ದೀಪ ಪಿಳಿಪಿಳಿ ಅಂದಿತು. ಅಷ್ಟೇ. ಮತ್ತೆ ಒತ್ತಿದೆ. ಪಿಳಿಪಿಳಿ. ಓಡಿಹೋಗಿ ವಾಚ್ ರಿಪೇರಿಯವನ ಹತ್ತಿರ ರಿಮೋಟಿಗೆ ಹೊಸ ಸೆಲ್ ಹಾಕಿಸಿದೆ. ಹತ್ತಿರದಿಂದ ಒತ್ತಿದೆ, ದೂರದಿಂದ ಒತ್ತಿದೆ, ಕೈ ಮೇಲೆತ್ತಿ ಒತ್ತಿದೆ. ಪುಸ್ತಕ ಎಲ್ಲಿ? ಈರಣ್ಣನ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.

ಜನ ಒಬ್ಬೊಬ್ಬರಾಗಿ "ಬರ್ತೇವ್ರಿ" ಅನ್ನತೊಡಗಿದರು. ಮಾವ ಬಾನೆಟ್ ಮೇಲೆ ಕೈಯೂರಿ ನಿಂತು, "ಕೀಲಿ ತಿರುವಿದ್ರ ಚಾಲು ಆಕ್ಕಿತ್ತಲ್ರಿ, ಅಳಿಯಂದ್ರ?" ಎಂದರು. ಆಮೇಲೆ ಕೈ ಕೊಡವಿಕೊಂಡು, "ಹೋಗ್ಲಿ ಬಿಡ್ರಿ, ನಿಮಗ ಬರಿಯೋದ ಛಲೋ."

ಹನ್ನೆರಡು ವರ್ಷದಲ್ಲಿ ನನ್ನ ಬರವಣಿಗೆಗೆ ಸಿಕ್ಕ ಮೊದಲ ಮೆಚ್ಚುಗೆ ಅದು! ಅಳಬೇಕೋ ನಗಬೇಕೋ?

ಈರಣ್ಣನಿಗೆ ಫೋನ್ ಮಾಡಿದೆ. ಒಂದು ತಾಸಿನೊಳಗೆ ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಮೋಟಾರ್ ಸೈಕಲ್ ಮೇಲೆ ಬಂದ. ಒಂದೇ ಸಲ ಗುಂಡಿ ಒತ್ತಿದ. ಬೆರಳು ಮಡಿಚಿ ಎಣಿಸಿದ.

"ಐದು ಸಲ ಮಿಂಚಾಕತ್ತೈತಿ. ಐದಂದ್ರ ಬಾನೆಟ್ ತೆರದೈತಿ ಅಂತ ಅರ್ಥ, ಸರ. ಬಾನೆಟ್ ಪೂರಾ ಮುಚ್ಚದಿದ್ರ ಇದು ಚಾಲು ಆಗಂಗಿಲ್ಲ. ಒಳಗ ಯಾರದರ ಕೈ ಇದ್ರ?"

ನೋಡಿದರೆ ಹೌದು, ಬಾನೆಟ್ ಒಂದು ಬೆರಳು ಎದ್ದು ನಿಂತಿತ್ತು. ಎತ್ತಿದ. ಕೊಂಡಿ ಪೂರ್ತಿ ಕೂರದಂತೆ ಅದಕ್ಕೊಂದು ದಪ್ಪ ದಾರದ ಗಂಟು. ಗಂಟಿನ ಕೆಳಗೆ ನಿಂಬೆಹಣ್ಣು, ಅದರ ಜೊತೆ ಸುಕ್ಕುಗಟ್ಟಿದ ಐದು ಕೆಂಪು ಮೆಣಸಿನಕಾಯಿ.

ಅತ್ತೆ ತಲೆ ತಗ್ಗಿಸಿದರು. ಶೋಭಾ ಮುಂದೆ ಬಂದಳು. "ನೀವು ಚಾ ಕುಡಿಯುವಾಗ ನಾನ ಬಾನೆಟ್ ತೆಗದಕೊಟ್ಟೆ. ಅವ್ವ ಕಟ್ಟಿದಳು. ಹೊರಗ ಕಟ್ಟಿದ್ರ ನೀವು ನಗತೀರಂತ ಒಳಗ ಕಟ್ಟಿದಳು."

ನಿಮಗೆ ನೆನಪಿರಬಹುದು. ಇದೇ ಅಂಕಣದಲ್ಲಿ ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರನ್ನು ಗೇಲಿ ಮಾಡಿ ಬರೆದಿದ್ದೆ. ಮಾವ ಅದನ್ನು ಮನೆಯಲ್ಲಿ ಓದಿ ಹೇಳಿದ್ದರಂತೆ.

"ಸಿಕ್ಕಿತು ರೋಗ!" ಎಂದು ನಾನು ಕೂಗಿದೆ. ಗಂಟು ಬಿಚ್ಚಿದ್ದಾಯಿತು. ಈರಣ್ಣ ಬಾನೆಟ್ ಧಪ್ಪೆಂದು ಮುಚ್ಚಿದ. ಹೋದ ಜನ ತಿರುಗಿ ಬಂದರು. ಅತ್ತೆ ಮತ್ತೆ ಆರತಿ ಹಚ್ಚಿ ಕಾರಿನ ಮುಂದೆ, ಕಟ್ಟೆಗೆ ಬೆನ್ನು ಕೊಟ್ಟು ನಿಂತರು. ಕಾರಿಗೂ ಕಟ್ಟೆಗೂ ನಡುವೆ ಎರಡು ಮಾರು ಜಾಗ. ನಾನು ಎದೆಯುಬ್ಬಿಸಿ ರಿಮೋಟ್ ಎತ್ತಿದೆ.

"ನಿಂದರ್ರಿ!" ಎಂದು ಈರಣ್ಣ ನನ್ನ ಕೈ ಹಿಡಿದ. ಕಿಟಕಿಯಲ್ಲಿ ಇಣುಕಿದ. ಅವನ ಮುಖ ಬಿಳಿಚಿಕೊಂಡಿತು. ಸದ್ದಿಲ್ಲದೆ ಬಾಗಿಲು ತೆಗೆದು, ಒಳಗೆ ಕೈ ಹಾಕಿ ಏನೋ ಸರಿಸಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದ.

"ಸರ, ಫಸ್ಟ್ ಗೇರಿನ್ಯಾಗಿತ್ತು."

ನಮ್ಮ ಕಡೆ ಹ್ಯಾಂಡ್ ಬ್ರೇಕ್ ನಂಬಿ ಯಾರು ಕಾರು ನಿಲ್ಲಿಸುತ್ತಾರೆ ಹೇಳಿ? ಗೇರಿನಲ್ಲಿ ಹಾಕಿ ಇಳಿಯುವುದು ಕೈಗೆ ಬಂದುಬಿಟ್ಟ ರೂಢಿ. ನಾನೂ ಹಾಗೇ ಇಳಿದಿದ್ದೆ. ಹಾಗಾದರೆ ಆ ಹನ್ನೊಂದು ಸಲ? ಒಂದೇ ಒಂದು ಸಲ ಆ ಗುಂಡಿ ನನ್ನ ಮಾತು ಕೇಳಿದ್ದರೆ ಕಾರು ಮುಂದಕ್ಕೆ ನೆಗೆಯುತ್ತಿತ್ತು. ಮುಂದೆ ಇದ್ದವರು ಅತ್ತೆ, ಅವರ ಹಿಂದೆ ಕಟ್ಟೆ. ರಿಮೋಟನ್ನು ಈರಣ್ಣನ ಕೈಗಿಟ್ಟೆ.

ಗುಂಡಿ ಈರಣ್ಣನೇ ಒತ್ತಿದ. ಗುರ್! ಓಣಿಯೇ ಚಪ್ಪಾಳೆ ತಟ್ಟಿತು. ಹಮಾಲರು ಸಿಳ್ಳೆ ಹೊಡೆದರು. ಮಾವ ನನ್ನ ಬೆನ್ನಿಗೊಂದು ಗುದ್ದಿ, "ಭಲೇ, ಅಳಿಯಂದ್ರ!" ಎಂದರು. ಹನ್ನೆರಡು ವರ್ಷ ಕಾದ ಮಾತು. ಕಿವಿಗೆ ಬಿತ್ತು, ಎದೆಗೆ ಇಳಿಯಲಿಲ್ಲ.

ನಿಂಬೆಹಣ್ಣು ಕಾಪಾಡಿತು ಎಂದು ನಾನು ಬರೆಯುವುದಿಲ್ಲ. ಕಾಪಾಡಿದ್ದು ಬಾನೆಟ್ಟಿನ ಕೆಳಗಿನ ಒಂದು ಸಣ್ಣ ಸ್ವಿಚ್. ಆದರೆ ಅದನ್ನು ಅವತ್ತು ಎಚ್ಚರವಾಗಿಟ್ಟದ್ದು ಯಾರ ಗಂಟು?

ಹೊರಡುವಾಗ ಅತ್ತೆ ಬಾಗಿಲ ಮರೆಯಲ್ಲಿ ನಿಂತು ಮೆಲ್ಲಗೆ ಕೇಳಿದರು. "ನಾ ಕಟ್ಟಿದ್ದಕ್ಕ ಅಷ್ಟು ಮಂದ್ಯಾಗ ನಿಮ್ಮ ಮಾನ ಹೋತೇನ್ರಿ?"

ಗೇರಿನ ವಿಷಯ ಅವರಿಗೆ ಗೊತ್ತಿಲ್ಲ. ನನಗೆ ಹೇಳಲು ಬಾಯಿ ಬರಲಿಲ್ಲ. ಸುಮ್ಮನೆ ಬಂದುಬಿಟ್ಟೆ.

ಬ್ಯಾಡಗಿಯ ಓದುಗರೇ, ನಮ್ಮ ಅತ್ತೆಗೆ ಓದಲು ಬರುವುದಿಲ್ಲ. ಮಾವ ಈ ವಾರದ ಪೇಪರನ್ನು ಬಚ್ಚಿಟ್ಟರೆ, ನಿಮ್ಮಲ್ಲಿ ಯಾರಾದರೂ ಹೋಗಿ ಅವರಿಗೆ ಇದನ್ನು ಓದಿ ಹೇಳುತ್ತೀರಾ?