ಮೊಣಕಾಲ ಮೇಲಿನ ಟಾಂಗಾ

ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂಸುಗಳಿಗೆ ಸಂಗೀತ ಹೇಳಿಕೊಡುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ. ಮಾತೇ ಬಾರದವಕ್ಕೆ ಎಂಥ ಸಂಗೀತ? ಬಂದು ನೋಡಿದವರಿಗೆ ಇನ್ನೂ ಸೋಜಿಗ. ತಾಯಂದಿರು ಚಾಪೆಯ ಮೇಲೆ ಕಾಲು ಚಾಚಿ ಕೂತು, ಮಕ್ಕಳನ್ನು ಮೊಣಕಾಲ ಮೇಲೆ ಕೂರಿಸಿಕೊಂಡು, ನನ್ನ ಹಾಡಿನ ತಾಳಕ್ಕೆ ಕುಣಿಸುತ್ತಿರುತ್ತಾರೆ. "ಸರಿಗಮ ಯಾವಾಗ ಶುರು ಮಾಡ್ತೀರಿ?" ಎಂದು ಒಬ್ಬ ಅಪ್ಪ ಕೇಳಿದ್ದ. ತಾಳ ಮೈಗೆ ಹತ್ತಿದರೆ ಸ್ವರ ಬಾಯಿಗೆ ತಾನಾಗಿ ಬರುತ್ತದೆ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ.

ಬ್ಯಾಡಗಿಯಿಂದ ಬರುತ್ತಿದ್ದ ಒಬ್ಬ ಹುಡುಗಿಗೆ ಎರಡು ವರ್ಷ ತುಂಬಿದ್ದರೂ ಕಾಲೂರಿ ನಿಲ್ಲುತ್ತಿರಲಿಲ್ಲ. ಕಾಲಲ್ಲಿ ಬಲ ಕಡಿಮೆ, ಆಡಿಸಿ, ಕುಣಿಸಿ ಎಂದು ಹಾವೇರಿಯ ಡಾಕ್ಟರು ಹೇಳಿದ್ದರಂತೆ. ತಾಯಿ ರವಿವಾರಕ್ಕೊಮ್ಮೆ ಅವಳನ್ನು ಬಗಲಲ್ಲಿ ಎತ್ತಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಮೊದಮೊದಲು ಕೂಸು ತಾಯಿಯ ಎದೆ ಬಿಟ್ಟು ಕದಲುತ್ತಿರಲಿಲ್ಲ. ನಾನೇ ಕಟ್ಟಿದ ಟಾಂಗಾ ಹಾಡೊಂದಿದೆ. ಟಾಂಗಾ ನಿಧಾನ ಹೊರಡುತ್ತದೆ, ಓಡುತ್ತದೆ, ತಗ್ಗಿನಲ್ಲಿ ದಡಕ್ಕನೆ ಇಳಿಯುತ್ತದೆ. ಅಲ್ಲಿ ತಾಯಿ ಮೊಣಕಾಲು ತಗ್ಗಿಸಬೇಕು. ಒಂದು ದಿನ ತಗ್ಗು ಬರುವ ಮುಂಚೆಯೇ ಹುಡುಗಿ ತಾಯಿಯ ಸೆರಗು ಬಿಗಿಹಿಡಿದು ನಕ್ಕಳು. ಸಂಕ್ರಾಂತಿ ಹತ್ತಿರದ ಒಂದು ರವಿವಾರ, ಹಾಡು ಶುರುವಾದದ್ದೇ ತಡ, ತಾಯಿಯ ಹೆಗಲು ಹಿಡಿದು ಎದ್ದು ನಿಂತು ಮೊಣಕಾಲು ಮಡಚಿ ಮಡಚಿ ಕುಣಿಯತೊಡಗಿದಳು. ತಾಯಿ ಕಣ್ಣೊರೆಸಿಕೊಂಡಳು. ನಾನೂ ಅತ್ತೆ, ಮುಚ್ಚಿಡುವುದೇನು?

ಮಾರನೆಯ ದಿನವೇ ಕೂಸಿಗೆ ಭೇದಿ ಹತ್ತಿತು. ಅವರ ಓಣಿಯಲ್ಲಿ ಆಗ ನಳದ ನೀರು ಕೆಟ್ಟು ಮನೆಮನೆಯಲ್ಲೂ ಅದೇ ಗೋಳು. ಆದರೆ ಹುಡುಗಿಯ ಅಜ್ಜಿ, ಅಂದರೆ ಅಪ್ಪನ ತಾಯಿ, ಕುಣಿಸಿದ್ದಕ್ಕೇ ಬಟ್ಟಿ ಸರಿದಿದೆ, ಹೊಕ್ಕುಳು ಜಾಗ ತಪ್ಪಿದೆ ಎಂದರು. ಹೊಟ್ಟೆ ತಿಕ್ಕುವವಳನ್ನು ಕರೆಸಿ ಎಣ್ಣೆ ಹಚ್ಚಿ ತಿಕ್ಕಿಸಿದರು, ಕಾಲ ಹೆಬ್ಬೆರಳಿಗೆ ಕಪ್ಪು ದಾರ ಕಟ್ಟಿಸಿದರು. ಮರುದಿನ ಭೇದಿ ನಿಂತಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಡಾಕ್ಟರು ಕೊಟ್ಟ ಔಷಧಿಯನ್ನೂ ಕುಡಿಸಿದ್ದರು, ಅದರ ಹೆಸರನ್ನು ಯಾರೂ ಎತ್ತಲಿಲ್ಲ. ತಾಯಿ ಫೋನಿನಲ್ಲಿ ಪಿಸುಗುಟ್ಟಿದಳು: "ಇನ್ನ ಬರೂದು ಆಗೂದಿಲ್ರಿ ಅಕ್ಕಾರ. ಅತ್ತಿಯವ್ರು ಒಲ್ಲೆ ಅಂತಾರ."

ನನಗೆ ಸಿಟ್ಟು ನೆತ್ತಿಗೇರಿತು. ನಿಂತ ಕೂಸನ್ನು ಮತ್ತೆ ಕೂರಿಸುತ್ತಾರಲ್ಲ! ನಾನೇ ಬ್ಯಾಡಗಿಗೆ ಹೊರಟೆ. ಅಂಗಳದ ತುಂಬ ಮೆಣಸಿನಕಾಯಿ ಹರವಿದ್ದರು, ಸೀನುತ್ತಲೇ ಒಳಗೆ ಹೋದೆ. ಜಗಳಕ್ಕೆ ಸಜ್ಜಾಗಿ ಹೋದವಳಿಗೆ ಅಜ್ಜಿ ಚಹಾ ಕೊಟ್ಟರು.

"ಕುಂದ್ರಿ ಅಕ್ಕಾರ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ."

"ಕುಣಸ್ರಿ ಅಂತ ಡಾಕ್ಟರ ಹೇಳ್ಯಾರಲ್ರಿ," ಎಂದೆ.

"ಡಾಕ್ಟರು ಆಗೂ ಇದ್ರು," ಎಂದರು ಅವರು. "ನನ್ನ ಮಗಳು ಹಿಂಗ ಭೇದಿ ಹತ್ತಿ ಹೋತ್ರಿ. ಇಷ್ಟ ಸಣ್ಣದಿತ್ತು ಅದು. ಇದು ನಡೀದಿದ್ರೂ ಅಡ್ಡಿಯಿಲ್ಲ, ಜೀವಂತ ಇರ್ಲಿ."

ನಾನು ಚಹಾದ ಲೋಟ ಕೈಗೆತ್ತಿಕೊಂಡೆ. ಅಷ್ಟರಲ್ಲಿ, ಅಜ್ಜಿಯ ಪಕ್ಕ ಕೂತಿದ್ದ ಹುಡುಗಿ ನನ್ನ ಗುರುತು ಹಿಡಿದಳು. ಅಜ್ಜಿಯ ಹೆಗಲು ಹಿಡಿದು ಎದ್ದಳು. ನನ್ನ ಬಾಯಿಯನ್ನೇ ನೋಡುತ್ತ, ಹಾಡಿಲ್ಲದೆಯೇ ಮೊಣಕಾಲು ಮಡಚಿ ಕುಣಿಯತೊಡಗಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯೂ ನನ್ನನ್ನೇ ನೋಡಿದಳು.

"ಸಾಕವ್ವಾ," ಎಂದು ಅಜ್ಜಿ ಕೂಸಿನ ಸೊಂಟ ಹಿಡಿದು ಮೆಲ್ಲಗೆ ಕೂರಿಸಿದರು. ಅದರ ಕಾಲ ಹೆಬ್ಬೆರಳಿನ ಕಪ್ಪು ದಾರ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದರು. ಹುಡುಗಿ ಮತ್ತೆ ಎದ್ದಳು. ನಾನು ಒಂದು ಸಾಲು ಹಾಡಿದ್ದರೆ ಸಾಕಿತ್ತು, ಕುಣಿದೇ ಕುಣಿಯುತ್ತಿದ್ದಳು. ದಾರ ಮುಟ್ಟಿದ ಆ ಕೈ ನೋಡಿದ ಮೇಲೆ ಹಾಡಲು ಮನಸ್ಸಾಗಲಿಲ್ಲ. ತಲೆ ತಗ್ಗಿಸಿ ಚಹಾ ಕುಡಿದೆ.

ನಾನು ಲೋಟ ಕೆಳಗಿಡುವ ಹೊತ್ತಿಗೆ ಹುಡುಗಿ, ಯಾರೂ ಹೇಳದೆ, ತಾನೇ ಕೂತುಬಿಟ್ಟಿದ್ದಳು.